ಘಾಟಿ ರಸ್ತೆಯಲ್ಲಿ ಫೋರ್ ವೀಲ್ ಡ್ರೈವ್ ಬೇಕೆ?

ಪ್ರಶ್ನೆ: ನಮ್ಮದು ಮೂಡಿಗೆರೆ ಕಡೆಯ ಕಾಫಿ ತೋಟ. ಈಚೆಗೆ ಲಿವರ್ ಇರುವ ಫೋರ್ ವೀಲ್ ಡ್ರೈವ್ ಗಾಡಿ ಕೊಂಡಿದ್ದೇವೆ. ಮಳೆಗಾಲಕ್ಕೆ ಒಳ್ಳೆಯದೆಂದು ಸದಾ 4ಎಚ್‌ನಲ್ಲಿಯೇ (ನಾಲ್ಕೂ ಗಾಲಿಗಳಿಗೆ ಶಕ್ತಿ ಹೋಗುವ ಸ್ಥಿತಿ) ಓಡಿಸುತ್ತೇನೆ, ಚಾರ್ಮಾಡಿ ಘಾಟಿಯಲ್ಲಿ ಕೂಡ. ತಿರುವುಗಳಲ್ಲಿ ಸ್ಟಿಯರಿಂಗ್ ಬಿಗಿಯಾಗಿ ಗಾಡಿ ಜಗ್ಗುತ್ತದೆ. ಆಮೇಲೆ ಲಿವರ್ 2ಎಚ್‌ಗೆ (ಹಿಂದಿನ ಎರಡು ಗಾಲಿಗಳಿಗೆ ಮಾತ್ರ ಶಕ್ತಿ ಹೋಗುವ ಸ್ಥಿತಿ) ಬರುವುದೇ ಇಲ್ಲ. ಇದು ಗಾಡಿಯ ದೋಷವೇ? ತೋಟದ ಜಾರುವ ಇಳಿಜಾರಿನಲ್ಲಿ ಹೇಗೆ ಇಳಿಯಬೇಕು?

ಉತ್ತರ: ನೀವು ಹೇಳಿದ ಲಕ್ಷಣಗಳು ಬಹುಮಟ್ಟಿಗೆ ದೋಷದವಲ್ಲ, ಬಳಕೆಯವು. ಥಾರ್, ಜಿಮ್ನಿಯಂತಹ ಗಾಡಿಗಳಲ್ಲಿ 4ಎಚ್ ಹಾಕಿದೊಡನೆ ಟ್ರಾನ್ಸ್‌ಫರ್ ಕೇಸ್ (ಎಂಜಿನ್ನಿನ ಶಕ್ತಿಯನ್ನು ಶಾಫ್ಟ್‌ಗಳ ಮೂಲಕ ಮುಂದಕ್ಕೂ ಹಿಂದಕ್ಕೂ ಹಂಚುವ ಪೆಟ್ಟಿಗೆ) ಮುಂದಿನ ಮತ್ತು ಹಿಂದಿನ ಶಾಫ್ಟ್‌ಗಳನ್ನು ಒಂದೇ ವೇಗದಲ್ಲಿ ತಿರುಗುವಂತೆ ಬಂಧಿಸಿಬಿಡುತ್ತದೆ. ಆದರೆ ತಿರುವಿನಲ್ಲಿ ಮುಂದಿನ ಗಾಲಿಗಳು ಹಿಂದಿನವಕ್ಕಿಂತ ಹೆಚ್ಚು ದೂರ ಸಾಗಲೇಬೇಕು. 3 ಬಾಗಿಲಿನ ಥಾರ್‌ನ ವೀಲ್‌ಬೇಸ್, ಅಂದರೆ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವಿನ ದೂರ, 2,450 ಮಿಲಿಮೀಟರ್. ಹಿಂದಿನ ಆಕ್ಸಲ್ 10 ಮೀಟರ್ ತ್ರಿಜ್ಯದ ಹೇರ್‌ಪಿನ್ ತಿರುವನ್ನು ಅರ್ಧ ವೃತ್ತದಷ್ಟು ಸುತ್ತಿದರೆ, ಮುಂದಿನ ಆಕ್ಸಲ್ ಅದಕ್ಕಿಂತ ಸುಮಾರು 93 ಸೆಂಟಿಮೀಟರ್ ಹೆಚ್ಚು ಸಾಗಿರುತ್ತದೆ. ಕೆಸರಿನಲ್ಲಾದರೆ ಗಾಲಿ ಸ್ವಲ್ಪ ಜಾರಿ ಈ ಅಂತರವನ್ನು ಸರಿದೂಗಿಸಿಕೊಳ್ಳುತ್ತದೆ. ಟಾರು ರಸ್ತೆಯ ಹಿಡಿತ, ಮಳೆ ಸುರಿಯುತ್ತಿದ್ದರೂ, ಅದಕ್ಕೆ ಸುಲಭವಾಗಿ ಅವಕಾಶ ಕೊಡುವುದಿಲ್ಲ. ಆಗ ಅಷ್ಟೂ ಒತ್ತಡ ಶಾಫ್ಟ್‌ಗಳಲ್ಲಿ ಹಿಂಡಿದ ಬಟ್ಟೆಯ ಹುರಿಯಂತೆ ಕೂಡಿಕೊಳ್ಳುತ್ತದೆ. ಅಂಥ ಗಾಡಿಯನ್ನು ಜ್ಯಾಕ್ ಕೊಟ್ಟು ಎತ್ತಿದರೆ, ನೆಲ ಬಿಟ್ಟ ಗಾಲಿ ತಟಕ್ಕನೆ ತಾನಾಗಿಯೇ ತಿರುಗಿಕೊಳ್ಳುವುದನ್ನು ಕಣ್ಣಾರೆ ಕಾಣಬಹುದು. ನಿಮ್ಮ ಲಿವರನ್ನು ಹಿಡಿದಿಟ್ಟಿರುವುದೂ ಇದೇ ಬಿಗಿತ. ಅದನ್ನು ಬಲವಂತವಾಗಿ ಎಳೆಯಬೇಡಿ. ಸ್ಟಿಯರಿಂಗ್ ನೇರವಾಗಿಟ್ಟು ಕೆಲವು ಮೀಟರ್ ಹಿಂದಕ್ಕೆ ಚಲಿಸಿ, ಆಮೇಲೆ 2ಎಚ್‌ಗೆ ಹಾಕಿ. ಹೀಗೆ ಮಾಡಿದ ಮೇಲೂ, ಮಣ್ಣಿನ ನೆಲದಲ್ಲಿಯೂ ಬಾರದಿದ್ದರೆ ಮಾತ್ರ ವರ್ಕ್‌ಶಾಪಿಗೆ ತೋರಿಸಿ.

ಆದ್ದರಿಂದ ಚಾರ್ಮಾಡಿಯಲ್ಲಿ 2ಎಚ್ ಸಾಕು. ಗುಡ್ಡ ಕುಸಿದು ರಸ್ತೆಯ ಮೇಲೆ ಮಣ್ಣು ಹರಡಿದ್ದರೆ ಅಷ್ಟು ದೂರಕ್ಕೆ 4ಎಚ್ ಹಾಕಿ, ದಾಟಿದೊಡನೆ ತೆಗೆಯಿರಿ. (ಸದಾ ಆಲ್ ವೀಲ್ ಡ್ರೈವ್‌ನಲ್ಲಿ ಓಡುವ, ಮುಂದಿನ ಮತ್ತು ಹಿಂದಿನ ಶಾಫ್ಟ್‌ಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಮಧ್ಯದಲ್ಲಿ ಇರುವ ಕಾರುಗಳಿಗೆ ಈ ನಿರ್ಬಂಧವಿಲ್ಲ.)

ಇದಕ್ಕಿಂತಲೂ ನನ್ನನ್ನು ಹೆಚ್ಚು ಚಿಂತೆಗೀಡು ಮಾಡುವುದು ‘ಒಳ್ಳೆಯದೆಂದು’ ಎಂಬ ನಿಮ್ಮ ಮಾತು. ನಾಲ್ಕು ಗಾಲಿಗಳಿಗೂ ಶಕ್ತಿ ಹೋದರೆ ಗಾಡಿ ಹೊರಡುವುದು ಸುಲಭವಾಗುತ್ತದೆಯೇ ಹೊರತು ನಿಲ್ಲುವುದು ಸುಲಭವಾಗುವುದಿಲ್ಲ. ಬ್ರೇಕ್ 2ಎಚ್‌ನಲ್ಲಿಯೂ ನಾಲ್ಕೂ ಗಾಲಿಗಳಿಗೆ ಇದ್ದೇ ಇರುತ್ತದೆ, ಮತ್ತು ಅದರ ಮಿತಿಯನ್ನು ನಿರ್ಧರಿಸುವುದು ಟಯರ್ ಮತ್ತು ನೆಲ ಮಾತ್ರ. 4ಎಚ್ ಇದೆಯೆಂಬ ಧೈರ್ಯದಲ್ಲಿ ವೇಗವಾಗಿ ಹೋದವನಿಗೆ, ತನ್ನ ಗಾಡಿ ಎಷ್ಟು ಜಾರುತ್ತದೆಂಬುದು ಬ್ರೇಕ್ ಒತ್ತಿದಾಗಲೇ ತಿಳಿಯುತ್ತದೆ.

ತೋಟದ ಇಳಿಜಾರಿನ ಮಾತು ಬೇರೆ. ಅಲ್ಲಿ 4ಎಲ್ (ನಾಲ್ಕೂ ಗಾಲಿಗಳಿಗೆ ಶಕ್ತಿ ಹೋಗುವ, ತೀರ ನಿಧಾನದ ಗೇರಿನ ಸ್ಥಿತಿ) ನಿಜಕ್ಕೂ ನಿಮ್ಮ ರಕ್ಷಣೆಗೆ ಬರುತ್ತದೆ. ಇಳಿಯುವಾಗ ಭಾರ ಮುಂದಕ್ಕೆ ಬಿದ್ದು ಹಿಂದಿನ ಗಾಲಿಗಳು ಹಗುರಾಗುತ್ತವೆ. 2ಎಚ್‌ನಲ್ಲಿ ಎಂಜಿನ್ನಿನ ತಡೆ ಆ ಹಗುರಾದ ಗಾಲಿಗಳ ಮೇಲೆಯೇ ಬೀಳುವುದರಿಂದ ಗಾಡಿಯ ಹಿಂಭಾಗ ಅಡ್ಡಡ್ಡ ಸರಿಯುತ್ತದೆ. 4ಎಲ್‌ನಲ್ಲಿ ಆ ತಡೆ ನಾಲ್ಕಕ್ಕೂ ಹಂಚಿಹೋಗುತ್ತದೆ. ಇಳಿಯುವ ಮೊದಲೇ, ಸಮತಟ್ಟಾದ ಜಾಗದಲ್ಲಿ ಗಾಡಿ ಪೂರ್ತಿ ನಿಲ್ಲಿಸಿ, ನಿಮ್ಮ ಗಾಡಿಯ ಕೈಪಿಡಿ ಹೇಳುವಂತೆ 4ಎಲ್ ಹಾಕಿ. ಇಳಿಜಾರಿನ ಮಧ್ಯೆ ಇದನ್ನು ಮಾಡಲೇಬೇಡಿ: 4ಎಚ್‌ನಿಂದ 4ಎಲ್‌ಗೆ ಹೋಗುವಾಗ ಲಿವರ್ ನ್ಯೂಟ್ರಲ್ ದಾಟುತ್ತದೆ, ಆ ಕ್ಷಣ ಎಂಜಿನ್ನಿಗೂ ಗಾಲಿಗಳಿಗೂ ಸಂಬಂಧವೇ ಇರುವುದಿಲ್ಲ. ಒಂದನೆಯ ಗೇರಿನಲ್ಲಿ, ಕ್ಲಚ್ ಮುಟ್ಟದೆ ಎಂಜಿನ್ ಹಿಡಿತದಲ್ಲಿಯೇ ಇಳಿಯಿರಿ. ಗಾಲಿಗಳು ತಿರುಗದೆ ಜಾರತೊಡಗಿದರೆ ಬ್ರೇಕ್ ಬಿಟ್ಟು, ಅವು ಉರುಳುವಷ್ಟು ಮಾತ್ರ ಮೆಲ್ಲಗೆ ಆಕ್ಸಿಲರೇಟರ್ ಕೊಡಿ.

ಟಯರ್‌ಗಳ ವಿಷಯವನ್ನೂ ಗಮನಿಸಿ. ಮುಂದೆ ಹೊಸದು, ಹಿಂದೆ ಸವೆದದ್ದು ಇದ್ದರೆ ಗಾಲಿಗಳ ಸುತ್ತಳತೆಯೇ ಬೇರೆಯಾಗಿ, ನೇರ ರಸ್ತೆಯಲ್ಲಿಯೂ 4ಎಚ್ ಅದೇ ಬಿಗಿತವನ್ನು ತರುತ್ತದೆ. ಈ ಮಳೆಗಾಲ ಟಾರಿನ ಮೇಲೆ 4ಎಚ್‌ನಲ್ಲಿಯೇ ಓಡಿಸಿರುವುದರಿಂದ ನಾಲ್ಕೂ ಟಯರ್‌ಗಳ ಸವೆತವನ್ನು ಒಮ್ಮೆ ಅಳೆಸಿ, ಟ್ರಾನ್ಸ್‌ಫರ್ ಕೇಸಿನ ಎಣ್ಣೆಯನ್ನೂ ಪರೀಕ್ಷೆ ಮಾಡಿಸಿ.