ಮೊದಲು ಬಿಚ್ಚಿ, ಆಮೇಲೆ ಚಿತ್ರ ಬರೆಯಿರಿ

ಸಂಪಾದಕರೇ,

ನಾನು ತುಮಕೂರಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಮೂರನೇ ವರ್ಷದ ವಿದ್ಯಾರ್ಥಿನಿ. ದಿನಬಳಕೆಯ ವಸ್ತುಗಳನ್ನು ರೂಪಿಸುವ ಇಂಡಸ್ಟ್ರಿಯಲ್ ಡಿಸೈನ್ ಕಲಿಯುವ ಆಸೆ ಇದೆ. ಅದರಲ್ಲೂ ಪರಿಸರಕ್ಕೆ ಹೊರೆಯಾಗದ ವಸ್ತುಗಳನ್ನು ಮಾಡಬೇಕು ಅಂತ. ಕಳೆದ ಸಂಚಿಕೆಯಲ್ಲಿ ಮಿಕ್ಸಿ, ಫ್ಯಾನು ರಿಪೇರಿ ಅಂಗಡಿಗಳ ಬಗ್ಗೆ ನೀವು ಬರೆದದ್ದನ್ನು ಓದಿದೆ. ಚೆನ್ನಾಗಿತ್ತು. ಆದರೆ ಅದು ಹಳೆಯದರ ಮೇಲಿನ ಮೋಹ ಅನ್ನಿಸಿತು. ಈಗ ಹೊಸ ಮೆಟೀರಿಯಲ್‌ಗಳಿವೆ, ಹೊಸ ಸಾಫ್ಟ್‌ವೇರ್‌ಗಳಿವೆ. ನಾನು ಕಂಪ್ಯೂಟರಿನಲ್ಲಿ ಮಾಡಿದ ಬಿದಿರಿನ ಲ್ಯಾಪ್‌ಟಾಪ್ ಸ್ಟ್ಯಾಂಡಿನ ಚಿತ್ರ ಜೊತೆಗಿದೆ. ಶುರುವಿನಿಂದ ಕಲಿಯಲು ಯಾವ ಸಾಫ್ಟ್‌ವೇರ್ ಮೊದಲು, ಯಾವ ಕೋರ್ಸ್ ಒಳ್ಳೆಯದು, ತಿಳಿಸುತ್ತೀರಾ?

— ಓದುಗರೊಬ್ಬರು, ತುಮಕೂರು

ಸಂಪಾದಕರ ಉತ್ತರ:

ಚಿತ್ರ ನೋಡಿದೆ. ಸೊಗಸಾಗಿದೆ. ಕಿಟಕಿಯಿಂದ ಬೀಳುವ ಬಿಸಿಲಿದೆ, ಪಕ್ಕದಲ್ಲಿ ಕಾಫಿ ಕಪ್ಪಿದೆ, ಹಿಂದೆ ಒಂದು ಪುಟ್ಟ ಗಿಡವೂ ಇದೆ. ಬಿದಿರಿನ ಒಂದು ಪಟ್ಟಿ ಇನ್ನೊಂದಕ್ಕೆ ಹೇಗೆ ಕೂತಿದೆ ಅನ್ನುವುದು ಮಾತ್ರ ಎಲ್ಲೂ ಕಾಣಲಿಲ್ಲ. ಅಂಟೋ, ಸ್ಕ್ರೂನೋ, ಬೆಣೆಯೋ? ನಾನು ಚಿತ್ರವನ್ನು ತಿರುಗಿಸಿ ಮುರುಗಿಸಿ ನೋಡಿದೆ. ಸಿಗಲಿಲ್ಲ.

ಸಾಫ್ಟ್‌ವೇರ್ ವಿಷಯ ಮೊದಲು ಮುಗಿಸಿಬಿಡುತ್ತೇನೆ. ಬೇಕು, ಕಲಿಯಿರಿ. ಪ್ಲಾಸ್ಟಿಕ್ ಎರಕದ ಅಚ್ಚು ಮಾಡುವವರೂ ಈಗ ಕಂಪ್ಯೂಟರ್ ಫೈಲ್ ಕೇಳುತ್ತಾರೆ, ಕೆಲಸ ಕೊಡುವವರೂ ಕೇಳುತ್ತಾರೆ. ನಿಮ್ಮ ಕಾಲೇಜಿನ ಲ್ಯಾಬಿನಲ್ಲಿ ಯಾವುದಿದೆಯೋ ಅದೇ ಸಾಕು. ಒಂದು ಬಂದರೆ ಇನ್ನೊಂದು ತಿಂಗಳೊಪ್ಪತ್ತಿನಲ್ಲಿ ಬರುತ್ತದೆ. ಅಷ್ಟೇ.

ಈಗ ಅದಕ್ಕಿಂತ ಮೊದಲು ಮಾಡಬೇಕಾದ ಕೆಲಸ. ಮನೆಯಲ್ಲೋ ಗುಜರಿಯಲ್ಲೋ ಒಂದು ಕೆಟ್ಟ ಮಿಕ್ಸಿ ಹುಡುಕಿ. ಪ್ಲಗ್ ಕಿತ್ತು, ಬೋರಲು ಹಾಕಿ, ಸ್ಕ್ರೂ ಬಿಚ್ಚಿ. (ಮೈಕ್ರೋವೇವ್ ಓವನ್ ಮಾತ್ರ ಮುಟ್ಟಬೇಡಿ. ವಿದ್ಯುತ್ ಹಿಡಿದಿಡುವ ಅದರ ಕೆಪಾಸಿಟರ್ ಪ್ಲಗ್ ಕಿತ್ತ ಮೇಲೂ ಹೊಡೆಯುತ್ತದೆ.) ಮೇಲಿನ ಪ್ಲಾಸ್ಟಿಕ್ ಕವಚವನ್ನು ಕೈಯಲ್ಲಿ ಹಿಡಿದು ಒಳಮೈ ನೋಡಿ. ಅಂಚಿನಲ್ಲಿ ಒಂದು ಸಣ್ಣ ಗೆರೆ ಸುತ್ತಲೂ ಓಡಿರುತ್ತದೆ. ಅದು ಕರಗಿದ ಪ್ಲಾಸ್ಟಿಕ್ ತುಂಬಿದ ಅಚ್ಚಿನ ಎರಡು ಭಾಗ ಸೇರಿದ ಜಾಗ. ಒಳಮೈಯಲ್ಲಿ ಅಲ್ಲಲ್ಲಿ ದುಂಡನೆಯ ಗುರುತುಗಳಿರುತ್ತವೆ. ಅಚ್ಚಿನಿಂದ ಕವಚವನ್ನು ಪಿನ್ನುಗಳು ಹೊರಗೆ ತಳ್ಳಿದ ಗುರುತು ಅದು. ಗೋಡೆಗಳು ನೆಟ್ಟಗಿವೆ ಅನ್ನಿಸುತ್ತದೆ, ಆದರೆ ಸ್ಕೇಲ್ ಇಟ್ಟು ನೋಡಿದರೆ ಒಂದೆರಡು ಡಿಗ್ರಿ ಓರೆ. ಓರೆ ಇಲ್ಲದಿದ್ದರೆ ಅದು ಅಚ್ಚಿನಿಂದ ಬಿಡುವುದೇ ಇಲ್ಲ. ಒಳಗೆ ತೆಳ್ಳನೆಯ ಪಟ್ಟಿಗಳು ಎದ್ದಿರುತ್ತವಲ್ಲ, ಗಟ್ಟಿ ಬರಲಿ ಅಂತ ಗೋಡೆಯನ್ನೇ ದಪ್ಪ ಮಾಡಿದರೆ ಪ್ಲಾಸ್ಟಿಕ್ ಆರುವಾಗ ಹೊರಮೈ ಕುಳಿ ಬೀಳುತ್ತದೆ, ಅದಕ್ಕೇ ಆ ಪಟ್ಟಿ. ಇದನ್ನೆಲ್ಲ ಪುಸ್ತಕದಲ್ಲಿ ಓದಿದರೆ ಪರೀಕ್ಷೆ ಮುಗಿಯುವವರೆಗೆ ನೆನಪಿರುತ್ತದೆ. ಕೈಯಲ್ಲಿ ಹಿಡಿದು ನೋಡಿದರೆ ಆಮೇಲೆ ಬಕೆಟ್ಟು, ಸ್ವಿಚ್ಚು, ಬಾಚಣಿಗೆ, ಎಲ್ಲದರಲ್ಲೂ ಅದೇ ಕಾಣಲು ಶುರುವಾಗುತ್ತದೆ.

ಕವಚದಿಂದ ಒಳಗೆ ಹೋಗಿ. ಮೋಟಾರಿಗೂ ಜಾರಿಗೂ ನಡುವೆ ಒಂದು ಕಪ್ಲರ್ ಇರುತ್ತದೆ, ರಬ್ಬರಿನದೋ ಪ್ಲಾಸ್ಟಿಕ್ಕಿನದೋ. ಬ್ಲೇಡು ಸಿಕ್ಕಿಕೊಂಡಾಗ ಅದು ಹರಿದುಹೋಗುತ್ತದೆ, ಮೋಟಾರು ಉಳಿಯುತ್ತದೆ. ಕಡಿಮೆ ಬೆಲೆಯ ಭಾಗ ಮೊದಲು ಹೋಗಿ ಜಾಸ್ತಿ ಬೆಲೆಯದನ್ನು ಕಾಪಾಡಲಿ ಅಂತ ಯಾರೋ ಕೂತು ಯೋಚಿಸಿದ್ದಾರೆ. ಮೋಟಾರಿನ ತಿರುಗುವ ಭಾಗಕ್ಕೆ ವಿದ್ಯುತ್ ಮುಟ್ಟಿಸುವ ಕಾರ್ಬನ್ ಬ್ರಷ್ ಸವೆಯುತ್ತದೆ, ಬದಲಾಯಿಸಬಹುದು. ಜಾರಿನಲ್ಲಿ ಬ್ಲೇಡಿನ ದಂಡ ಕೂತು ತಿರುಗುವ ಬುಷ್ ಸವೆಯುತ್ತದೆ, ಅದನ್ನೂ ಬದಲಾಯಿಸಬಹುದು. ನಮ್ಮ ಮಿಕ್ಸಿಗಳು ಇಪ್ಪತ್ತು ವರ್ಷ ಬಾಳುವುದು ಈ ಮೂರರಿಂದಲೇ. ನೀವು ಪತ್ರದಲ್ಲಿ ಕೇಳಿದ ಪರಿಸರಸ್ನೇಹಿ ಡಿಸೈನ್ ನನ್ನ ಮಟ್ಟಿಗೆ ಇಲ್ಲೇ ಇದೆ. ಅದರ ಮೇಲೆ ಯಾವ ಹಸಿರು ಸ್ಟಿಕ್ಕರೂ ಇಲ್ಲ.

ಮಿಕ್ಸಿಯ ಕಥೆಯನ್ನೂ ಹೇಳಿಬಿಡುತ್ತೇನೆ. ಡಿಸೈನ್ ಶಾಲೆಗಳಲ್ಲಿ ಜರ್ಮನಿಯ ಬ್ರೌನ್ ಕಂಪನಿಯ ಹೆಸರನ್ನು ದೇವರ ಹೆಸರಿನಂತೆ ಹೇಳುತ್ತಾರೆ. ಹೆಸರಾಂತ ಡಿಸೈನರ್ ಡೀಟರ್ ರಾಮ್ಸ್ ಇದ್ದ ಕಂಪನಿ, ತಪ್ಪೇನಿಲ್ಲ. 1960ರ ದಶಕದಲ್ಲಿ ಮುಂಬೈಯ ಒಂದು ಮನೆಯಲ್ಲಿ ಅದೇ ಬ್ರೌನ್ ಮಿಕ್ಸರ್ ನಮ್ಮ ಅಡುಗೆಯ ಕೆಲಸ ತಾಳಲಾರದೆ ಸುಟ್ಟುಹೋಯಿತು. ಆ ಮನೆಯ ಸತ್ಯಪ್ರಕಾಶ್ ಮಾಥುರ್ ಸೀಮೆನ್ಸ್‌ನಲ್ಲಿ ಎಂಜಿನಿಯರ್. ನೀವೇ ಒಂದು ಮಾಡಿಕೊಡಿ ಅಂತ ಹೆಂಡತಿ ಮಾಧುರಿ ಸವಾಲು ಹಾಕಿದರು. ಅದರಿಂದ ಹುಟ್ಟಿದ್ದು ಸುಮೀತ್ ಮಿಕ್ಸಿ. ಜರ್ಮನಿಯ ಅಡುಗೆಮನೆಗೆ ಬ್ರೌನ್ ಸರಿಯಾದ ವಸ್ತುವೇ. ನೆನೆಸಿದ ಉದ್ದಿನ ಬೇಳೆ, ಒಣಮೆಣಸಿನಕಾಯಿ, ಅರಿಸಿನದ ಕೊಂಬು ಅದರ ಲೆಕ್ಕದಲ್ಲಿ ಇರಲಿಲ್ಲ. ಡಿಸೈನಿನ ಮೊದಲ ಪಾಠ ಇದು ಅಂತ ನನ್ನ ನಂಬಿಕೆ. ಯಾರು, ಎಲ್ಲಿ, ಏನನ್ನು ರುಬ್ಬುತ್ತಾರೆ ಅಂತ ಗೊತ್ತಿರಬೇಕು. ಆಕಾರ ಆಮೇಲೆ.

ನಮ್ಮ ಬೀದಿಯಲ್ಲಿ ಒಬ್ಬ ರಿಪೇರಿಯವರಿದ್ದಾರೆ. ಅವರಿಗೆ ವಸ್ತುಗಳಲ್ಲಿ ಎರಡೇ ಜಾತಿ: ಸ್ಟಾರ್ ಸ್ಕ್ರೂನವು, ಸ್ಕ್ರೂ ಇಲ್ಲದೆ ಪ್ಲಾಸ್ಟಿಕ್ ಕೊಂಡಿ ಒತ್ತಿ ಕೂರಿಸಿದ ಲಾಕ್‌ನವು. "ಸ್ಟಾರ್ ಸ್ಕ್ರೂ ಬಂದ್ರೆ ಸಾಯಂಕಾಲಕ್ಕೆ ಕೊಡ್ತೀನಿ ಸಾರ್. ಲಾಕ್ ಇದ್ರೆ ಬಿಚ್ಚೋವಾಗ್ಲೇ ಮುರಿಯುತ್ತೆ, ಬೈಸಿಕೊಳ್ಳೋನು ನಾನು" ಅನ್ನುತ್ತಾರೆ. ಅಂಟು ಹಾಕಿ ಮುಚ್ಚಿದ್ದನ್ನಂತೂ ಅವರು ಒಳಗೇ ತೆಗೆದುಕೊಳ್ಳುವುದಿಲ್ಲ. ಆ ಲಾಕ್ ಹಾಕಿದ ಡಿಸೈನರ್ ಅವರ ಅಂಗಡಿಯಲ್ಲಿ ಒಂದು ವಾರ ಕೂತಿದ್ದರೆ ಹಾಕುತ್ತಿರಲಿಲ್ಲ. ಜೋಡಿಸುವ ಕೂಲಿ ಉಳಿಯಲಿ ಅಂತ ಲಾಕ್ ಹಾಕುತ್ತಾರೆ, ಅದು ನನಗೂ ಗೊತ್ತು. ಕಾರ್ಖಾನೆಯಲ್ಲಿ ಉಳಿದ ಆ ಕಾಸನ್ನು ಕೊನೆಗೆ ಕಟ್ಟುವವರು ಕೊಂಡವರು ಮತ್ತು ಗುಜರಿಯವರು.

ಇನ್ನು ಬಿದಿರು. ನೋಡಿಮ್ಮ, ಬಿದಿರಿನ ಮೇಲೆ ನನಗೆ ಸಿಟ್ಟಿಲ್ಲ. ಬಿದಿರು ಅಂದ ಕೂಡಲೇ ಒಳ್ಳೆಯದು ಅಂದುಕೊಳ್ಳುವುದರ ಮೇಲೆ ಇದೆ. ಹಾಗೆ ನಂಬುವವರು ಬಟ್ಟೆ ಚೀಲದ ಲೆಕ್ಕ ನೋಡಬೇಕು. 2018ರಲ್ಲಿ ಡೆನ್ಮಾರ್ಕಿನ ಪರಿಸರ ಇಲಾಖೆ ಅಂಗಡಿ ಚೀಲಗಳನ್ನು ಹೋಲಿಸಿತು. ಪರಿಸರದ ಮೇಲಿನ ಎಲ್ಲ ಬಗೆಯ ಪರಿಣಾಮಗಳನ್ನೂ ಹಿಡಿದು ನೋಡಿದಾಗ, ಮಾಮೂಲಿ ಪ್ಲಾಸ್ಟಿಕ್ ಚೀಲಕ್ಕೆ ಸಮ ಬರಲು ಹತ್ತಿ ಚೀಲವನ್ನು 7,100 ಸಲ ಬಳಸಬೇಕು ಅಂತ ಬಂತು. ಹವಾಮಾನದ ಲೆಕ್ಕ ಒಂದನ್ನೇ ಹಿಡಿದರೆ 52 ಸಲ ಸಾಕು. ಚರಂಡಿಯಲ್ಲಿ, ಹಸುವಿನ ಹೊಟ್ಟೆಯಲ್ಲಿ ಸೇರುವ ಪ್ಲಾಸ್ಟಿಕ್ ಆ ಲೆಕ್ಕದಲ್ಲಿ ಬರುವುದಿಲ್ಲ, ಹಾಗಾಗಿ ಪ್ಲಾಸ್ಟಿಕ್ ಚೀಲ ಹಿಡಿದು ಕುಣಿಯಬೇಕಾಗಿಲ್ಲ. ಆದರೆ ಸಭೆ ಸಮಾರಂಭದಲ್ಲಿ ಸಿಕ್ಕಿದ ಹತ್ತು ಬಟ್ಟೆ ಚೀಲಗಳನ್ನು ಬಾಗಿಲ ಹಿಂದೆ ನೇತುಹಾಕಿ ಭೂಮಿ ಉಳಿಸಿದೆವು ಅನ್ನುವವರಿಗೆ ಇದನ್ನು ಓದಿ ಹೇಳಬಹುದು. ನಮ್ಮ ಮನೆಯ ಬಾಗಿಲ ಹಿಂದೆಯೂ ಇವೆ, ಬಿಡಿ.

ಇಂಥ ಲೆಕ್ಕಕ್ಕೆ ಲೈಫ್ ಸೈಕಲ್ ಅಸೆಸ್‌ಮೆಂಟ್ ಅನ್ನುತ್ತಾರೆ. ನಿಮ್ಮ ಕೋರ್ಸಿನಲ್ಲಿ ಬಂದೇ ಬರುತ್ತದೆ. ಕಚ್ಚಾ ಮಾಲು, ತಯಾರಿಕೆ, ಸಾಗಣೆ, ಬಳಕೆ, ಕೊನೆಗೆ ಎಸೆಯುವುದು. ಹೊರೆ ಯಾವ ಹಂತದಲ್ಲಿ ಜಾಸ್ತಿ ಅಂತ ಹುಡುಕುವುದು. ಮೊಬೈಲ್ ಫೋನಿಗೆ ಹೊರೆಯ ಬಹುಪಾಲು ತಯಾರಾಗುವಾಗಲೇ ಬೀಳುತ್ತದೆ. ಅದನ್ನು ಇನ್ನೆರಡು ವರ್ಷ ಇಟ್ಟುಕೊಂಡರೆ ಅದೇ ದೊಡ್ಡ ಲಾಭ. ಫ್ಯಾನಿಗೆ ಉಲ್ಟಾ. ಹಳೆಯದು ಸುಮಾರು 75 ವ್ಯಾಟ್ ತಿನ್ನುತ್ತದೆ, ಹೊಸ ಬಿಎಲ್‌ಡಿಸಿ (ಬ್ರಷ್ ಇಲ್ಲದ ಡಿಸಿ ಮೋಟಾರಿನ) ಫ್ಯಾನು 30ರ ಆಸುಪಾಸು. ದಿನಕ್ಕೆ 12 ಗಂಟೆ ತಿರುಗಿದರೆ ವರ್ಷಕ್ಕೆ ಸುಮಾರು 200 ಯೂನಿಟ್ ಉಳಿಯುತ್ತದೆ. ಹಾಗಾಗಿ ಎಲ್ಲವನ್ನೂ ರಿಪೇರಿ ಮಾಡಿಕೊಂಡೇ ಕೂರಬೇಕು ಅಂತ ನಾನೂ ಹೇಳುವುದಿಲ್ಲ. ನಿಮ್ಮ ಮಾತಿಗೆ ಇಷ್ಟು ಒಪ್ಪಿಗೆ.

ಆದರೆ ವಸ್ತುವಿನ ಇಡೀ ಬಾಳಿನ ಲೆಕ್ಕ ಹಿಡಿಯುವ ಈ ಯೋಚನೆಯೇ ಹೊಸದು ಅಂತ ಮಾತ್ರ ಹೇಳಬೇಡಿ. 1958ರಲ್ಲಿ ಚಾರ್ಲ್ಸ್ ಮತ್ತು ರೇ ಈಮ್ಸ್ ಅನ್ನುವ ಅಮೆರಿಕದ ಡಿಸೈನರ್ ದಂಪತಿ ನಮ್ಮ ಸರ್ಕಾರ ಕರೆದದ್ದಕ್ಕೆ ಬಂದು, ಇಲ್ಲಿ ಡಿಸೈನ್ ಹೇಗೆ ಕಲಿಸಬೇಕು ಅಂತ ಒಂದು ವರದಿ ಕೊಟ್ಟರು. ಆ ವರದಿಯಿಂದಲೇ 1961ರಲ್ಲಿ ಅಹಮದಾಬಾದಿನ ಎನ್‌ಐಡಿ (ರಾಷ್ಟ್ರೀಯ ವಿನ್ಯಾಸ ಸಂಸ್ಥೆ) ಹುಟ್ಟಿದ್ದು. ದೇಶವೆಲ್ಲ ಸುತ್ತಿದ ಅವರು ಎಲ್ಲಕ್ಕಿಂತ ಹೆಚ್ಚು ಮೆಚ್ಚಿದ್ದು ನಮ್ಮ ಚೊಂಬನ್ನು. ಸುಮ್ನೆ ಹೊಗಳಲಿಲ್ಲ, ಪ್ರಶ್ನೆಗಳ ಸಾಲನ್ನೇ ಬರೆದರು. ಎಷ್ಟು ನೀರು ಹಿಡಿಯಬೇಕು, ಎತ್ತುವವರ ಕೈ ಎಷ್ಟು ದೊಡ್ಡದು, ತಲೆಯ ಮೇಲೆ ಹೊರುತ್ತಾರೋ ಸೊಂಟದ ಮೇಲೋ, ತುಂಬಿದಾಗ ತೂಕ ಎಲ್ಲಿ ಕೂರುತ್ತದೆ, ಬಗ್ಗಿಸಿದರೆ ಹೇಗೆ ಸುರಿಯುತ್ತದೆ, ತೊಳೆಯುವುದು ಹೇಗೆ. ಆ ಸಾಲಿನಲ್ಲಿ ಇನ್ನೊಂದೂ ಇತ್ತು: ವಸ್ತುವಿನ ಬಾಳು ಮುಗಿದ ಮೇಲೆ ಆ ಲೋಹಕ್ಕೆ ಏನು ಬೆಲೆ? ನಮ್ಮ ಅಜ್ಜಿಯರು ತೂತು ಬಿದ್ದ ತಾಮ್ರದ ಚೊಂಬನ್ನು ಪಾತ್ರೆ ಅಂಗಡಿಗೆ ತೂಕಕ್ಕೆ ಹಾಕಿ ಹೊಸದು ತರುತ್ತಿದ್ದರು. ಈಗ ಇದಕ್ಕೇ ಸರ್ಕ್ಯುಲರ್ ಎಕಾನಮಿ ಅಂತ ಸರ್ಟಿಫಿಕೇಟ್ ಕೋರ್ಸು.

ಬೆಂಗಳೂರಿಗೆ ಬಂದಾಗ ನಾಯಂಡಹಳ್ಳಿ ಕಡೆ ಹೋಗಿ ನೋಡಿ. ಊರಿನ ಪ್ಲಾಸ್ಟಿಕ್ ಬಂದು ಬೀಳುವ ಜಾಗಗಳಲ್ಲಿ ಅದೂ ಒಂದು. ಅಲ್ಲಿ ವಿಂಗಡಿಸುವ ಹೆಂಗಸರಿಗೆ ಪ್ಲಾಸ್ಟಿಕ್ಕಿನ ಬಗೆಗಳಲ್ಲಿ ಯಾವುದು ಪಿಪಿ, ಯಾವುದು ಎಬಿಎಸ್ ಅಂತ ಕೈಯಲ್ಲಿ ಹಿಡಿದರೇ ಗೊತ್ತಾಗುತ್ತದೆ. ಗಟ್ಟಿ ಪ್ಲಾಸ್ಟಿಕ್ಕಿನ ಮೇಲೆ ಮೆತ್ತನೆಯ ರಬ್ಬರು ಸೇರಿಸಿ ಎರಕ ಹೊಯ್ದ ಹಿಡಿಕೆ ಬಂದರೆ ಪಕ್ಕಕ್ಕೆ ಎಸೆಯುತ್ತಾರೆ. ಎರಡನ್ನೂ ಬೇರೆ ಮಾಡಲು ಆಗುವುದಿಲ್ಲ. ಆ ಹಿಡಿಕೆಗೆ ಎಲ್ಲೋ ಒಂದು ಪ್ರಶಸ್ತಿಯೂ ಬಂದಿರುತ್ತದೆ.

ಈಗ ನನ್ನ ಹಳೇ ಸಿಟ್ಟು. ವಸ್ತು ಬೇಗ ಕೆಡುವುದಕ್ಕೆ ಅಸಡ್ಡೆ ಮಾತ್ರ ಕಾರಣ ಅಲ್ಲ. 1924ರಲ್ಲಿ ಜಗತ್ತಿನ ದೊಡ್ಡ ಬಲ್ಬ್ ಕಂಪನಿಗಳು ಜಿನೀವಾದಲ್ಲಿ ಸೇರಿ ಫೀಬಸ್ ಅನ್ನುವ ಕೂಟ ಕಟ್ಟಿದವು. ಬಲ್ಬು 1,000 ಗಂಟೆಗಿಂತ ಹೆಚ್ಚು ಉರಿಯಬಾರದು ಅಂತ ಗೊತ್ತು ಮಾಡಿಕೊಂಡವು. ಅದಕ್ಕಿಂತ ಹೆಚ್ಚು ಬಾಳುವ ಬಲ್ಬು ಮಾಡಿದ ಸದಸ್ಯರಿಗೆ ದಂಡ! ನಮ್ಮ ಕಚೇರಿಯ ಪ್ರಿಂಟರ್ ಕಾರ್ಟ್ರಿಜ್‌ನಲ್ಲಿ ಶಾಯಿ ಕುಲುಕುತ್ತಿರುವಾಗಲೇ "ಖಾಲಿ" ಅನ್ನುತ್ತದೆ. ಸರ್ವಿಸ್ ಸೆಂಟರಿನ ಹುಡುಗ ಬಂದು, "ಒಳಗಡೆ ಚಿಪ್ ಇದೆ ಸಾರ್, ಅದು ಲೆಕ್ಕ ಇಟ್ಕೊಳ್ಳುತ್ತೆ" ಅಂದ. ಆ ಚಿಪ್ಪನ್ನು ಕೂಡ ಒಬ್ಬ ಡಿಸೈನರ್ ಕೂತು ಮಾಡಿದ್ದಾನಲ್ವಾ? ಫ್ರಾನ್ಸಿನಲ್ಲಿ 2021ರಲ್ಲಿ ಫೋನು, ಲ್ಯಾಪ್‌ಟಾಪು, ವಾಷಿಂಗ್ ಮಷೀನಿನಂಥವುಗಳಿಗೆ ರಿಪೇರಿ ಎಷ್ಟು ಸುಲಭ ಅಂತ ಹತ್ತಕ್ಕೆ ಅಂಕ ಹಾಕಿ ಅಂಗಡಿಯಲ್ಲೇ ತೋರಿಸಬೇಕು ಅನ್ನುವ ನಿಯಮ ಬಂತು. ಫೋನಿನ ಬ್ಯಾಟರಿಯನ್ನು ಬಳಸುವವರೇ ಬದಲಾಯಿಸುವ ಹಾಗಿರಬೇಕು ಅನ್ನುವ ಯುರೋಪಿನ ನಿಯಮ 2027ಕ್ಕೆ ಜಾರಿಗೆ ಬರುವಂತೆ ಬರೆದದ್ದು. ನಮ್ಮಲ್ಲಿ 2022ರ ಡಿಸೆಂಬರಿನಲ್ಲಿ ರೈಟ್ ಟು ರಿಪೇರ್ (ರಿಪೇರಿಯ ಹಕ್ಕು) ಅಂತ ಸರ್ಕಾರದ ಪೋರ್ಟಲ್ ಬಂತು. ಒಳ್ಳೆಯದೇ. ಆದರೆ ಪೋರ್ಟಲ್ಲಿನಿಂದ ಅಂಟು ಬಿಡುವುದಿಲ್ಲ. ಅಂಟು ಬೇಡ ಅನ್ನುವ ಒಬ್ಬರಾದರೂ ಡಿಸೈನ್ ಮಾಡುವ ಮೇಜಿನ ಹತ್ತಿರ ಇರಬೇಕು. ನೀವು ಅಲ್ಲಿಗೆ ಹೋಗಬೇಕು ಅಂತಲೇ ಇಷ್ಟುದ್ದ ಬರೆಯುತ್ತಿರುವುದು.

ಹಳೆಯದರ ಮೋಹ ಅಂದಿರಿ. ನಿಮ್ಮ ಊರಿನಲ್ಲೇ ಎಚ್‌ಎಂಟಿ ಗಡಿಯಾರದ ಕಾರ್ಖಾನೆ ಇತ್ತು. 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಬೆಂಗಳೂರಿನಲ್ಲಿ ಶುರುವಾದ ಕೆಲಸ ಆಮೇಲೆ ತುಮಕೂರಿಗೂ ಬಂತು. ಬ್ಯಾಟರಿಯಿಂದ ಓಡುವ ಕ್ವಾರ್ಟ್ಜ್ ಗಡಿಯಾರದ ಕಾಲದಲ್ಲಿ ಹಿಂದೆ ಬಿದ್ದರು, ಟೈಟಾನ್ ಮುಂದೆ ಹೋಯಿತು, ಬಾಗಿಲು ಮುಚ್ಚಿತು, ಆ ಜಾಗ ಈಗ ಇಸ್ರೋಗೆ. ಹೊಸ ಮಾದರಿ ತರುವುದರಲ್ಲಿ ಅವರು ಸೋತರು, ನಾನೇನು ಅಲ್ಲ ಅನ್ನುವುದಿಲ್ಲ. ಆದರೆ ಅವರ ಕೀ ಕೊಡುವ ಗಡಿಯಾರ ಇವತ್ತಿಗೂ ರಿಪೇರಿಯಾಗುತ್ತದೆ. ಕಾರ್ಖಾನೆಯಲ್ಲಿ ದುಡಿದ ಹಿರಿಯರು ನಿಮ್ಮ ಬೀದಿಯಲ್ಲೇ ಇರಬಹುದು. ಒಂದು ಭಾನುವಾರ ಅವರ ಜೊತೆ ಕೂತರೆ ಸಿಗುವುದು ಯಾವ ಆನ್‌ಲೈನ್ ಕೋರ್ಸಿನಲ್ಲೂ ಸಿಗುವುದಿಲ್ಲ.

ಕೈಕೆಲಸ ಬಿಟ್ಟು ಸಾಫ್ಟ್‌ವೇರ್ ಮೊದಲು ಕೇಳಿದ್ದರಲ್ಲಿ ನಿಮ್ಮ ತಪ್ಪು ಕಡಿಮೆ. ಎಂಜಿನಿಯರಿಂಗ್ ಕಾಲೇಜಿನ ವರ್ಕ್‌ಶಾಪ್ ಎಷ್ಟೋ ಕಡೆ ಜರ್ನಲ್ಲಿಗೆ ಸಹಿ ಹಾಕಿಸುವ ಜಾಗವಾಗಿದೆ. ಅರ ಹಿಡಿದು ಉಜ್ಜುವುದು ಐಟಿಐ ಹುಡುಗರ ಕೆಲಸ, ಪರದೆಯ ಮುಂದೆ ಕೂರುವುದು ನಮ್ಮದು ಅಂತ ಮೊದಲ ವರ್ಷದಲ್ಲೇ ಒಳಗೆ ಇಳಿದುಬಿಡುತ್ತದೆ. ಕೈಗೆ ಗ್ರೀಸ್ ಹತ್ತಿದವರನ್ನು ಒಂದು ಮೆಟ್ಟಿಲು ಕೆಳಗೆ ಕೂರಿಸುವ ಊರಿನಲ್ಲಿ ಒಳ್ಳೆಯ ಡಿಸೈನ್ ಎಲ್ಲಿಂದ ಬರಬೇಕು?

ಕೋರ್ಸ್ ಕೇಳಿದ್ದೀರಿ. ಡಿಗ್ರಿ ಮುಗಿಯುತ್ತಿರುವವರಿಗೆ ದಾರಿ ಸೀಡ್ (CEED), ಡಿಸೈನಿನ ಸ್ನಾತಕೋತ್ತರ ಕೋರ್ಸಿಗೆ ಸೇರುವ ಪರೀಕ್ಷೆ. ಐಐಟಿ ಬಾಂಬೆ ಪ್ರತಿ ಜನವರಿಯಲ್ಲಿ ನಡೆಸುತ್ತದೆ. ಅವರದೇ ಡಿಸೈನ್ ಶಾಲೆ ಐಡಿಸಿ 1969ರಿಂದ ಇದೆ. ಬೆಂಗಳೂರಿನ ಐಐಎಸ್‌ಸಿಯಲ್ಲಿ ಎಂ.ಡಿಸ್. (ಡಿಸೈನಿನ ಸ್ನಾತಕೋತ್ತರ ಪದವಿ) ಇದೆ. ಎನ್‌ಐಡಿಗೆ ಬೇರೆ ಪರೀಕ್ಷೆ, ಅವರದೊಂದು ಕ್ಯಾಂಪಸ್ ಬೆಂಗಳೂರಿನಲ್ಲೂ ಇದೆ. ಸೀಡ್‌ನ ಎರಡನೇ ಭಾಗದಲ್ಲಿ ಕೈಯಲ್ಲೇ ಚಿತ್ರ ಬರೆಯಬೇಕು, ಕಾಗದದ ಮೇಲೆ. ಅಲ್ಲಿ ಯಾವ ಸಾಫ್ಟ್‌ವೇರೂ ಇಲ್ಲ. ಹೇಳಿದೆ, ಅಷ್ಟೇ.

ಸ್ಟ್ಯಾಂಡನ್ನು ಬಿದಿರಿನಲ್ಲೇ ಮಾಡಬೇಕು ಅಂತಿದ್ದರೆ ಮೇದಾರರ ಬೀದಿಗೆ ಹೋಗಿ. ಗೆಣ್ಣಿನ ಹತ್ತಿರ ಸೀಳಿದರೆ ಏನಾಗುತ್ತದೆ, ಹೊರಸಿಪ್ಪೆ ಯಾಕೆ ಗಟ್ಟಿ, ನೀರಿನಲ್ಲಿ ನೆನೆಹಾಕದಿದ್ದರೆ ಕುಟ್ಟೆ ಯಾಕೆ ಹಿಡಿಯುತ್ತದೆ ಅಂತ ಕೇಳಿ. ಎನ್‌ಐಡಿಯ ಎಂ.ಪಿ. ರಂಜನ್ ಮತ್ತು ಜೊತೆಗಾರರು ಈಶಾನ್ಯ ಭಾರತದ ಊರೂರು ಅಲೆದು, ಬುಟ್ಟಿಯ ಒಂದೊಂದು ಹೆಣಿಗೆಯನ್ನೂ ಬರೆದಿಟ್ಟು 1986ರಲ್ಲಿ ಪುಸ್ತಕ ಮಾಡಿದರು. ಅವರೇನೂ ಬಿದಿರು ತಮಗೆ ಗೊತ್ತು ಅಂದುಕೊಂಡು ಹೊರಡಲಿಲ್ಲ. ಆಮೇಲೆ ರಟ್ಟಿನಲ್ಲಿ ಒಂದು ಸ್ಟ್ಯಾಂಡ್ ಮಾಡಿ, ಲ್ಯಾಪ್‌ಟಾಪ್ ಇಟ್ಟು ಟೈಪ್ ಮಾಡಿ, ಅಲ್ಲಾಡುತ್ತದಾ ನೋಡಿ. ಅಂಟಿಲ್ಲದೆ ಬಿಚ್ಚಿ ಚೀಲಕ್ಕೆ ಹಾಕಿಕೊಳ್ಳಲು ಬರುತ್ತದಾ ಅಂತಲೂ ನೋಡಿ.

ಮಿಕ್ಸಿ ಬಿಚ್ಚಿ, ಭಾಗಗಳನ್ನು ಹಾಳೆಯ ಮೇಲೆ ಜೋಡಿಸಿದ ಫೋಟೋ ಕಳಿಸಿ. ಖಂಡಿತ ಅಚ್ಚು ಹಾಕುತ್ತೇವೆ, ಅರ್ಧ ಪುಟ ಬೇಕಾದರೂ ಕೊಡುತ್ತೇನೆ. ಬಿಸಿಲು, ಕಾಫಿ ಕಪ್ಪು ಇರುವ ಚಿತ್ರಗಳಿಗೆ ಈ ಸಲ ಜಾಗ ಇಲ್ಲ.

— ಸಂಪಾದಕ