ವಾರ್ಸಾ ಸುತ್ತಮುತ್ತ ಊರು ಯಾಕೆ ಅಡ್ಡಾದಿಡ್ಡಿ ಬೆಳೆಯಿತು?

1989ರಲ್ಲಿ ಕಮ್ಯುನಿಸ್ಟ್ ಆಡಳಿತ ಮುಗಿದ ಮೇಲೆ ಪೋಲೆಂಡಿಗೆ ಮಾರುಕಟ್ಟೆ, ಕಾರು, ಗೃಹಸಾಲ ಎಲ್ಲ ಬಂದವು. ಆದರೆ ನನ್ನ ಪ್ರಕಾರ ದೊಡ್ಡ ಕಾರಣ ಕಾನೂನಿನಲ್ಲೇ ಇದೆ. ಎಲ್ಲಿ ಏನು ಕಟ್ಟಬಹುದು ಅಂತ ಹೇಳುವ, 1995ಕ್ಕಿಂತ ಹಿಂದಿನ ಸ್ಥಳೀಯ ಯೋಜನೆಗಳು 2003ರ ಕೊನೆಗೆ ರದ್ದಾದವು. ಎಲ್ಲ ಕಡೆ ಹೊಸದು ಮಾಡಲೇಬೇಕು ಅಂತ ಇರಲಿಲ್ಲ. ಯೋಜನೆ ಇಲ್ಲದ ಜಾಗದಲ್ಲಿ, ಅದೇ ರಸ್ತೆಗೆ ಹೊಂದಿದ ಪಕ್ಕದ ಒಂದು ಸೈಟಿನಲ್ಲಿ ಕಟ್ಟಡ ಇದ್ದರೆ ಅದನ್ನೇ ತೋರಿಸಿ ಅನುಮತಿ ಪಡೆಯಬಹುದಿತ್ತು. ಒಂದು ಮನೆ ಇನ್ನೊಂದಕ್ಕೆ ದಾರಿ ಮಾಡಿಕೊಟ್ಟಿತು.

ಇನ್ನೊಂದು ವಿಷಯ ಅಲ್ಲಿನ ಹೊಲಗಳದ್ದು. ಕಮ್ಯುನಿಸ್ಟರ ಕಾಲದಲ್ಲೂ ಅವು ಬಹುಪಾಲು ರೈತರ ಕೈಯಲ್ಲೇ ಉಳಿದವು. ಉದ್ದ ಜಾಸ್ತಿ, ಅಗಲ ತೀರಾ ಕಮ್ಮಿ. ವಾರ್ಸಾದ ದಕ್ಷಿಣಕ್ಕಿರುವ ಪ್ಯಾಸೆಚ್ನೊ ಊರಿನ ಕಡೆ ನೋಡಿ: ರೈತ ಹೊಲದ ಒಂದು ಪಟ್ಟಿ ಮಾರುತ್ತಾನೆ, ಬಿಲ್ಡರ್ ಅದರ ಉದ್ದಕ್ಕೂ ಸಾಲುಮನೆ ಕಟ್ಟುತ್ತಾನೆ. ಒಂದು ಕಿರಿದಾದ ರಸ್ತೆ, ಕೊನೆಗೆ ಬೇಲಿ. ಪಕ್ಕದ ಪಟ್ಟಿಯಲ್ಲೂ ಅದೇ ಕತೆ. ಅಡ್ಡರಸ್ತೆ ಇಲ್ಲ, ಹಾಗಾಗಿ ಬೇಲಿಯಾಚೆಯ ಮನೆಗೂ ಸುತ್ತಿಕೊಂಡು ಹೋಗಬೇಕು. ಮಕ್ಕಳು ನಡೆದು ಶಾಲೆಗೆ ಹೋಗುವುದಾದರೂ ಹೇಗೆ?

2023ರ ತಿದ್ದುಪಡಿ ಪ್ರತಿ ಸ್ಥಳೀಯ ಆಡಳಿತಕ್ಕೂ ಸಮಗ್ರ ಯೋಜನೆ ಕಡ್ಡಾಯ ಮಾಡಿದೆ. ತಡವಾಯ್ತು, ಆದರೂ ಬೇಕಿತ್ತು. ಈಗಾಗಲೇ ಕಟ್ಟಿದ ಪಟ್ಟಿಗಳ ನಡುವೆ ರಸ್ತೆ ಬಿಡಿಸುವುದು ಮಾತ್ರ ಕಷ್ಟ. ಆ ಜಾಗವೆಲ್ಲ ಖಾಸಗಿಯವರದ್ದು.