35 ಸೆಕೆಂಡಿನ ಗುಡುಗು, ಆಮೇಲೇನು?

ಕೆನಡಾದ ವಿರೋಧ ಪಕ್ಷದ ಸಂಸದರು ಮೂಲನಿವಾಸಿಗಳ ಹಕ್ಕು, ಮನೆಗಳ ಕೊರತೆ, ಗಾಜಾದ ಸಂಕಟ ಇವುಗಳ ಬಗ್ಗೆ ಸದನದಲ್ಲಿ ಆಡಿದ ಮಾತಿನ ತುಣುಕುಗಳು ಮೊಬೈಲ್‌ನಿಂದ ಮೊಬೈಲ್‌ಗೆ ಹರಿದಾಡುತ್ತಿವೆ. ಅವನ್ನು ನೋಡಿದ ಓದುಗರು ಕೇಳಿದ ಪ್ರಶ್ನೆಗಳು ಇವು.

ಪ್ರಶ್ನೆ: ಸಂಸದೆಯೊಬ್ಬರು ಮಾತು ಶುರು ಮಾಡಿ ಇನ್ನೇನು ವಿಷಯಕ್ಕೆ ಬರಬೇಕು, ಅಷ್ಟರಲ್ಲಿ ಸ್ಪೀಕರ್ ತಡೆಯುತ್ತಾರೆ. ವಿರೋಧ ಪಕ್ಷಕ್ಕೆ ಸಿಗುವುದು ಅಷ್ಟೇ ಅವಕಾಶವೇ?

ಉತ್ತರ: ನೀವು ನೋಡಿದ್ದು ಅಲ್ಲಿನ ಸಂಸತ್ತಿನ ಕೆಳಮನೆ ಹೌಸ್ ಆಫ್ ಕಾಮನ್ಸ್‌ನ ಪ್ರಶ್ನೋತ್ತರ ವೇಳೆ. ದಿನಕ್ಕೆ 45 ನಿಮಿಷ. ಪ್ರಶ್ನೆಗೆ 35 ಸೆಕೆಂಡು, ಉತ್ತರಕ್ಕೂ ಅಷ್ಟೇ. ಈ ಉತ್ತರವನ್ನು ನೀವು ಗಟ್ಟಿಯಾಗಿ ಓದುತ್ತಿದ್ದರೆ ಇನ್ನೆರಡು ಸಾಲಿಗೆ ನಿಮ್ಮ ಸಮಯ ಮುಗಿಯುತ್ತದೆ! ಪ್ರಶ್ನೆಯನ್ನು ಮೊದಲೇ ತಿಳಿಸಬೇಕಾಗಿಲ್ಲ. ಹಾಗಾಗಿ ಸಚಿವರನ್ನು ತಬ್ಬಿಬ್ಬು ಮಾಡಬಹುದು, ಆದರೆ ಕೇಳಿದ್ದಕ್ಕೇ ಉತ್ತರ ಕೊಡಿ ಎಂದು ಸ್ಪೀಕರ್ ಒತ್ತಾಯಿಸಲಾರರು. ಇದಕ್ಕೆ ಮುಂಚಿನ 15 ನಿಮಿಷ ಸದಸ್ಯರ ಹೇಳಿಕೆಗಳಿಗೆ ಮೀಸಲು. ಒಬ್ಬರಿಗೆ 60 ಸೆಕೆಂಡು, ಅದಕ್ಕೆ ಯಾರೂ ಉತ್ತರಿಸುವುದಿಲ್ಲ.

ನುರಿತ ಸದಸ್ಯರು ಈ 35 ಸೆಕೆಂಡಿನಲ್ಲಿ ಒಂದು ಊರು, ಒಂದು ಅಂಕಿ, ಒಂದು ಬೇಡಿಕೆ ಇಷ್ಟನ್ನೇ ಇಡುತ್ತಾರೆ. ಮೂರು ಊರಿನ ಹೆಸರು ಸೇರಿಸಿದರೆ ಸಚಿವರು ತಮಗೆ ಅನುಕೂಲವಾದ ಊರನ್ನು ಹಿಡಿದು ಉತ್ತರಿಸಿ ಕೂತುಬಿಡುತ್ತಾರೆ. ಉತ್ತರ ಹಾರಿಕೆಯದಾದರೆ ಅದೇ ವಿಷಯವನ್ನು ಸಂಜೆ ಕಲಾಪ ಮುಗಿಯುವ ಹೊತ್ತಿಗೆ ಮತ್ತೆ ಎತ್ತಬಹುದು. ಆಗ ಸದಸ್ಯರಿಗೆ 4 ನಿಮಿಷ, ಸರ್ಕಾರದ ಪರವಾಗಿ ಉತ್ತರಿಸುವವರಿಗೆ 4 ನಿಮಿಷ, ಕೊನೆಗೆ ಇಬ್ಬರಿಗೂ ಒಂದೊಂದು ನಿಮಿಷ. ಸದನ ಬಹುತೇಕ ಖಾಲಿ ಇರುತ್ತದೆ, ಆದರೆ ಕಡತಕ್ಕೆ ಸೇರುವ ಮಾತು ಅಲ್ಲೇ ಸಿಗುವುದು.

ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಹರಿತವಾದ ಆಯುಧ ಲಿಖಿತ ಪ್ರಶ್ನೆ. ಒಬ್ಬ ಸದಸ್ಯರ ಹೆಸರಿನಲ್ಲಿ ಒಮ್ಮೆಗೆ ನಾಲ್ಕು ಪ್ರಶ್ನೆಗಳಿರಬಹುದು, 45 ದಿನದೊಳಗೆ ಉತ್ತರ ಬೇಕೆಂದು ಕೇಳಬಹುದು. ಎಡವುವುದು ಪ್ರಶ್ನೆಯ ಅಳತೆಯಲ್ಲಿ. ‘ಮೂಲನಿವಾಸಿಗಳ ವಸತಿಗೆ ಎಷ್ಟು ಖರ್ಚಾಗಿದೆ’ ಎಂದು ಕೇಳಿದರೆ, ಅಷ್ಟೊಂದು ಮಾಹಿತಿ ಕಲೆಹಾಕಲು ಕಾಲಾವಕಾಶ ಸಾಲದು ಎಂಬ ಉತ್ತರ ಬರುತ್ತದೆ. ಯೋಜನೆಯ ಹೆಸರು, ಹಣಕಾಸು ವರ್ಷ, ಪ್ರಾಂತ್ಯ, ಮಂಜೂರಾದದ್ದು ಬೇರೆ, ಖರ್ಚಾದದ್ದು ಬೇರೆ ಎಂದು ಬಿಡಿಬಿಡಿಯಾಗಿ ಕೇಳಿದರೆ ಇಲಾಖೆಗೆ ಜಾರಿಕೊಳ್ಳಲು ಜಾಗವಿರುವುದಿಲ್ಲ.

ಪ್ರಶ್ನೆ: ‘ಇಂಡಿಯನ್ ಆ್ಯಕ್ಟ್’ ಎಂದು ಅವರು ಪದೇ ಪದೇ ಅನ್ನುತ್ತಾರೆ. ಅದು ನಮ್ಮವರ ಬಗ್ಗೆಯೇ?

ಉತ್ತರ: ಅಲ್ಲ. ಅದು ಕೆನಡಾದ ಮೂಲನಿವಾಸಿಗಳ ಕುರಿತ 1876ರ ಕಾಯ್ದೆ, ತಿದ್ದುಪಡಿಗಳೊಂದಿಗೆ ಇಂದಿಗೂ ಜಾರಿಯಲ್ಲಿದೆ. 1982ರ ಸಂವಿಧಾನ ಕಾಯ್ದೆಯ 35ನೇ ಸೆಕ್ಷನ್ ಮೂರು ಸಮುದಾಯಗಳನ್ನು ಗುರುತಿಸುತ್ತದೆ: ಇಂಡಿಯನ್ (ಈಗ ಫಸ್ಟ್ ನೇಷನ್ಸ್ ಎನ್ನುವುದು ರೂಢಿ), ಇನುಯಿಟ್, ಮೆಟಿ. ಹಳೆಯ ಪದ ಕಾನೂನಿನ ಹಾಳೆಯಲ್ಲಿ ಉಳಿದಿದೆ, ಎದುರಿಗಿರುವವರನ್ನು ಹಾಗೆ ಕರೆದರೆ ತಪ್ಪಾಗುತ್ತದೆ.

ಪ್ರಶ್ನೆ: ಅಷ್ಟು ಶ್ರೀಮಂತ ದೇಶದಲ್ಲಿ ಮೂಲನಿವಾಸಿಗಳ ಮನೆಗಳು ಬೂಷ್ಟು ಹಿಡಿದು, ಒಂದೊಂದರಲ್ಲಿ ಎರಡು ಮೂರು ಸಂಸಾರ ಇರುವುದೇಕೆ? ದುಡ್ಡಿಲ್ಲವೇ, ಮನಸ್ಸಿಲ್ಲವೇ?

ಉತ್ತರ: ಎರಡೂ ಹೌದು, ಆದರೆ ಅದಕ್ಕಿಂತ ಮೊದಲು ಕಾನೂನಿನ ಒಂದು ಗಂಟು ಇದೆ. ರಿಸರ್ವ್ ಎಂಬ ಮೀಸಲು ಪ್ರದೇಶದ ಭೂಮಿಯ ಒಡೆತನ ಸರ್ಕಾರದ್ದು, ಬಳಕೆ ಸಮುದಾಯದ್ದು. ಇಂಡಿಯನ್ ಆ್ಯಕ್ಟ್‌ನ 89ನೇ ಸೆಕ್ಷನ್ ಪ್ರಕಾರ ಅಲ್ಲಿರುವ ಅವರ ಆಸ್ತಿಯನ್ನು ಹೊರಗಿನವರು ಅಡಮಾನ ಹಿಡಿಯುವಂತಿಲ್ಲ, ಜಪ್ತಿ ಮಾಡುವಂತಿಲ್ಲ. ಜಮೀನು ಕೈತಪ್ಪದಿರಲಿ ಎಂಬ ರಕ್ಷಣೆ ಅದು. ಆದರೆ ಜಪ್ತಿ ಮಾಡಲಾಗದ ಮನೆಗೆ ಯಾವ ಬ್ಯಾಂಕ್ ಸಾಲ ಕೊಟ್ಟೀತು? ಹಾಗಾಗಿ ಸಾಲ ಬೇಕಾದರೆ ಫೆಡರಲ್ (ಕೇಂದ್ರ ಸರ್ಕಾರದ) ಸಚಿವರ ಖಾತರಿಯೋ ಸಮುದಾಯದ್ದೇ ಖಾತರಿಯೋ ಬೇಕು. ಸಚಿವರ ಖಾತರಿ ಇದ್ದರೂ ಸಾಲಗಾರ ಕಟ್ಟದಿದ್ದರೆ ಕೊನೆಗೆ ಹೊರೆ ಬೀಳುವುದು ಸಮುದಾಯದ ಬೊಕ್ಕಸದ ಮೇಲೆ. ಆರ್ಥಿಕವಾಗಿ ಗಟ್ಟಿಯಿರುವ ಸಮುದಾಯಕ್ಕೆ ಸಾಲ ಹುಟ್ಟುತ್ತದೆ, ಬಡ ಸಮುದಾಯ ಅನುದಾನಕ್ಕೆ ಕಾಯುತ್ತಾ ಕೂರುತ್ತದೆ. ಅಂದರೆ ಯಾರಿಗೆ ಹೆಚ್ಚು ಅಗತ್ಯವೋ ಅವರಿಗೇ ಬಾಗಿಲು ಮುಚ್ಚಿರುತ್ತದೆ.

ಉತ್ತರ ತುದಿಯ ನುನಾವುಟ್‌ನ ಕಥೆ ಬೇರೆ. ಅಲ್ಲಿ 25 ಊರುಗಳು, ಒಂದರಿಂದ ಇನ್ನೊಂದಕ್ಕೆ ರಸ್ತೆಯಿಲ್ಲ. ಮರ, ಕಿಟಕಿ, ಬಾಯ್ಲರ್ ಎಲ್ಲವೂ ಹಿಮ ಕರಗುವ ಕೆಲವೇ ತಿಂಗಳಲ್ಲಿ ಹಡಗಿನಲ್ಲಿ ಬರಬೇಕು. ಟೆಂಡರ್ ತಡವಾಗಿ ಹಡಗು ತಪ್ಪಿತೋ, ಕೆಲಸ ಒಂದು ವರ್ಷ ಮುಂದಕ್ಕೆ. ನೆಲದಡಿ ಸದಾ ಹೆಪ್ಪುಗಟ್ಟಿದ ಮಣ್ಣು. ಮನೆಯ ಶಾಖ ತಾಗಿ ಅದು ಕರಗಿದರೆ ಅಡಿಪಾಯ ಕುಸಿಯುತ್ತದೆ ಎಂದು ಮನೆಯನ್ನು ಕಂಬಗಳ ಮೇಲೆ ಎತ್ತಿ ಕಟ್ಟುತ್ತಾರೆ.

ಇನ್ನು ಬೂಷ್ಟು. ಚಳಿಗೆಂದು ಸಂದುಗೊಂದು ಬಿಡದೆ ಮುಚ್ಚಿದ ಮನೆಯಲ್ಲಿ ಐವರ ಜಾಗಕ್ಕೆ ಹನ್ನೆರಡು ಜನ ಇದ್ದರೆ ಉಸಿರು, ಅಡುಗೆ, ಒಗೆದ ಬಟ್ಟೆ ಇವುಗಳ ತೇವ ಹೊರಹೋಗದೆ ಕಿಟಕಿಯ ಅಂಚಿನಲ್ಲಿ, ಮಂಚದ ಹಿಂದಿನ ತಣ್ಣನೆಯ ಮೂಲೆಯಲ್ಲಿ ನೀರಾಗಿ ಕೂರುತ್ತದೆ. ಗಾಳಿ ಬದಲಿಸುವ ಯಂತ್ರವಿದ್ದರೂ ಅದರ ಫಿಲ್ಟರ್ ಕಟ್ಟಿಕೊಂಡಿರುತ್ತದೆ, ಇಲ್ಲವೇ ತಣ್ಣನೆ ಗಾಳಿ ನುಗ್ಗುತ್ತದೆಂದು ಅದನ್ನು ಆರಿಸಿರುತ್ತಾರೆ. ಬೂಷ್ಟಿನ ಮೇಲೆ ಬಣ್ಣ ಬಳಿದರೆ ಅದು ಮತ್ತೆ ಬಂದೇ ಬರುತ್ತದೆ, ಗೋಡೆಯ ಹಲಗೆ ಕಿತ್ತು ತೇವದ ಮೂಲ ನಿಲ್ಲಿಸಬೇಕು. ಜನದಟ್ಟಣೆ ಕಡಿಮೆಯಾಗದೆ ಆ ಮೂಲ ನಿಲ್ಲುವುದಿಲ್ಲ. 2021ರ ಜನಗಣತಿಯ ಪ್ರಕಾರ ಇನುಯಿಟ್ ತಾಯ್ನೆಲದಲ್ಲಿರುವ ಇನುಯಿಟ್ ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕಿಕ್ಕಿರಿದ ಮನೆಗಳಲ್ಲಿದ್ದಾರೆ. ವಿರೋಧ ಪಕ್ಷಗಳಲ್ಲೊಂದಾದ ಎನ್‌ಡಿಪಿಯ (ನ್ಯೂ ಡೆಮಾಕ್ರಟಿಕ್ ಪಾರ್ಟಿ) ಆಗಿನ ನುನಾವುಟ್ ಸಂಸದೆ ಮುಮಿಲಾಕ್ ಕಾಕಾಕ್ 2020ರಲ್ಲಿ ಊರೂರಿಗೆ ಹೋಗಿ ಇಂಥ ಮನೆಗಳ ಒಳಹೊಕ್ಕು ನೋಡಿ, 2021ರಲ್ಲಿ ವರದಿ ಹೊರತಂದರು. ಸದನದಲ್ಲಿ ಕಂಠಶೋಷಣೆ ಮಾಡುವುದಕ್ಕಿಂತ ಆ ಓಡಾಟಕ್ಕೇ ಹೆಚ್ಚು ತೂಕ.

ದುಡ್ಡಿನ ಮಾತಿಗೆ ಬಂದರೆ, ಕೆನಡಾದ ಮಹಾಲೆಕ್ಕಪರಿಶೋಧಕರ 2024ರ ವರದಿಯನ್ನು ನೋಡಿ. ಫಸ್ಟ್ ನೇಷನ್ಸ್ ವಸತಿ ಅಗತ್ಯದಲ್ಲಿ ಸುಮಾರು ಶೇ. 80ರಷ್ಟು ಇನ್ನೂ ಬಾಕಿ ಎಂದು ಅದು ಹೇಳಿತು. ಫೆಡರಲ್ ವಸತಿ ನಿಗಮವು ಅನುದಾನ ಹಂಚುವಾಗ 2001ರ ಜನಗಣತಿಯ ಅಂಕಿಗಳನ್ನೇ ಬಳಸುತ್ತಿತ್ತು, ಇದರಿಂದ ಮ್ಯಾನಿಟೋಬಾ, ಸಸ್ಕಾಚೆವಾನ್, ಆಲ್ಬರ್ಟಾ ಪ್ರಾಂತ್ಯಗಳ ಸಮುದಾಯಗಳಿಗೆ ನ್ಯಾಯವಾದ ಪಾಲು ಸಿಗಲಿಲ್ಲ ಎಂಬುದೂ ಹೊರಬಿತ್ತು. ಹಳೇ ಅಂಕಿಯೊಂದು ಎಷ್ಟು ಮನೆಗಳನ್ನು ನುಂಗಬಲ್ಲದು ನೋಡಿ!

ಪ್ರಶ್ನೆ: ವಸತಿ ಅಲ್ಲಿ ಕಾನೂನುಬದ್ಧ ಹಕ್ಕು ಎಂದು ಓದಿದ್ದೆ. ಹಾಗಾದರೆ ಕೋರ್ಟಿಗೆ ಹೋಗಬಹುದಲ್ಲ?

ಉತ್ತರ: 2019ರ ರಾಷ್ಟ್ರೀಯ ವಸತಿ ನೀತಿ ಕಾಯ್ದೆ ವಸತಿಯನ್ನು ಮಾನವ ಹಕ್ಕೆಂದು ಒಪ್ಪಿದೆ, ದೂರುಗಳನ್ನು ಪರಿಶೀಲಿಸಿ ಶಿಫಾರಸು ಮಾಡಲು ಫೆಡರಲ್ ಹೌಸಿಂಗ್ ಅಡ್ವೊಕೇಟ್ ಎಂಬ ಹುದ್ದೆಯನ್ನೂ ಸೃಷ್ಟಿಸಿದೆ. ಆದರೆ ಕಾಯ್ದೆ ತೋರಿಸಿ ‘ನನಗೆ ಮನೆ ಕೊಡಿಸಿ’ ಎಂದು ವ್ಯಕ್ತಿಯೊಬ್ಬರು ದಾವೆ ಹೂಡುವ ದಾರಿ ಅದರಲ್ಲಿಲ್ಲ. ವ್ಯವಸ್ಥೆಯ ದೋಷವನ್ನು ತೋರಿಸುವುದಕ್ಕೆ ಬರುತ್ತದೆ, ಬೀಗದಕೈ ಕೊಡುವುದಿಲ್ಲ.

ಪ್ರಶ್ನೆ: ಸದನವೇ ಅವಿರೋಧವಾಗಿ ಒಪ್ಪಿದ ನಿರ್ಣಯವನ್ನೂ ಸರ್ಕಾರ ಪಾಲಿಸುವುದಿಲ್ಲವಂತೆ. ಹಾಗಾದರೆ ನಿರ್ಣಯ ಯಾಕೆ?

ಉತ್ತರ: ನಿರ್ಣಯ ಸದನದ ಅಭಿಪ್ರಾಯ, ಕಾನೂನಲ್ಲ. 2024ರ ಮಾರ್ಚ್ 18ರಂದು ಗಾಜಾ ಕುರಿತ ಎನ್‌ಡಿಪಿ ನಿರ್ಣಯ 204-117 ಮತಗಳಿಂದ ಅಂಗೀಕಾರವಾಯಿತು. ಪ್ಯಾಲೆಸ್ಟೀನನ್ನು ದೇಶವೆಂದು ಮಾನ್ಯ ಮಾಡಬೇಕೆಂಬ ಮೂಲ ಸಾಲನ್ನು ಕೊನೇ ಗಳಿಗೆಯಲ್ಲಿ ಮೆತ್ತಗೆ ಮಾಡಿದ ಮೇಲೆಯೇ ಆಡಳಿತ ಪಕ್ಷದ ಬಹುಪಾಲು ಸದಸ್ಯರು ಕೈಜೋಡಿಸಿದ್ದು. ಕೆನಡಾ ಆ ಮಾನ್ಯತೆ ಕೊಟ್ಟದ್ದು 2025ರ ಸೆಪ್ಟೆಂಬರ್‌ನಲ್ಲಿ.

ಸರ್ವಾನುಮತದ ನಿರ್ಣಯ ಇನ್ನೂ ನಾಜೂಕು. ಒಬ್ಬರು ‘ಇಲ್ಲ’ ಎಂದರೆ ಮುಗಿಯಿತು. ಮೂಲನಿವಾಸಿ ಮಕ್ಕಳನ್ನು ಮನೆಯಿಂದ ಬೇರ್ಪಡಿಸಿ ಇಟ್ಟ ವಸತಿಶಾಲೆಗಳಲ್ಲಿ ನಡೆದದ್ದು ನರಮೇಧ ಎಂದು ಸರ್ಕಾರ ಒಪ್ಪಬೇಕೆಂದು ವಿನಿಪೆಗ್ ಸೆಂಟರ್‌ನ ಸಂಸದೆ ಲಿಯಾ ಗಜಾನ್ 2021ರ ಜೂನ್‌ನಲ್ಲಿ ಕೇಳಿದಾಗ ಹೀಗೇ ಬಿದ್ದುಹೋಯಿತು. 2022ರ ಅಕ್ಟೋಬರ್ 27ರಂದು ಅದೇ ಬೇಡಿಕೆಗೆ ಯಾರೂ ಬಾಯಿ ತೆರೆಯಲಿಲ್ಲ, ಅಂಗೀಕಾರವಾಯಿತು.

ನಿರ್ಣಯ ಯಾವಾಗ ಕೆಲಸಕ್ಕೆ ಬರುತ್ತದೆ ಎಂಬುದಕ್ಕೆ ಜೋರ್ಡನ್ ತತ್ವ ನೋಡಿ. ಮ್ಯಾನಿಟೋಬಾದ ಮೂಲನಿವಾಸಿ ಸಮುದಾಯ ನಾರ್ವೆ ಹೌಸ್ ಕ್ರೀ ನೇಷನ್‌ನ ಜೋರ್ಡನ್ ರಿವರ್ ಆ್ಯಂಡರ್ಸನ್ ಎಂಬ ಮಗುವಿನ ಮನೆಯ ಆರೈಕೆಯ ಖರ್ಚು ಯಾರು ಕೊಡಬೇಕೆಂದು ಫೆಡರಲ್ ಸರ್ಕಾರ ಮತ್ತು ಮ್ಯಾನಿಟೋಬಾ ಪ್ರಾಂತ್ಯ ಎರಡು ವರ್ಷಕ್ಕೂ ಹೆಚ್ಚು ಕಾಲ ಹಗ್ಗಜಗ್ಗಾಟ ನಡೆಸಿದವು. ಮಗು ಮನೆ ಸೇರದೆ 2005ರಲ್ಲಿ ಆಸ್ಪತ್ರೆಯಲ್ಲೇ ತೀರಿಕೊಂಡಿತು. ಮೊದಲು ಆರೈಕೆ ಕೊಡಿ, ಬಿಲ್ಲಿನ ಜಗಳ ಆಮೇಲೆ ಎಂಬ ತತ್ವವನ್ನು ವಿರೋಧ ಪಕ್ಷದ ಸಂಸದೆ ಜೀನ್ ಕ್ರೌಡರ್ ನಿರ್ಣಯವಾಗಿ ತಂದರು, 2007ರ ಡಿಸೆಂಬರ್ 12ರಂದು ಸದನ ಸರ್ವಾನುಮತದಿಂದ ಒಪ್ಪಿತು. ಸರ್ಕಾರ ಅದಕ್ಕೆ ಎಷ್ಟು ಇಕ್ಕಟ್ಟಾದ ಅರ್ಥ ಕೊಟ್ಟಿತೆಂದರೆ ಯಾವ ಮಗುವೂ ಅದರೊಳಗೆ ತೂರಲಾರದಂತಾಯಿತು. 2016ರ ಜನವರಿಯಲ್ಲಿ ಕೆನಡಾದ ಮಾನವ ಹಕ್ಕು ನ್ಯಾಯಮಂಡಳಿ ಇದು ತಾರತಮ್ಯ ಎಂದು ಘೋಷಿಸಿ, ತತ್ವವನ್ನು ಪೂರ್ತಿ ಜಾರಿಮಾಡುವಂತೆ ಆದೇಶಿಸಿತು. ನಿರ್ಣಯಕ್ಕೆ ಹಲ್ಲು ಬಂದದ್ದು ಸದನದಲ್ಲಲ್ಲ, ನ್ಯಾಯಮಂಡಳಿಯಲ್ಲಿ. ಆದರೆ ‘ನೀವೇ ಒಪ್ಪಿದ್ದಿರಲ್ಲ’ ಎಂದು ತೋರಿಸಲು ಸದನದ ಆ ಹಾಳೆ ಇತ್ತು.

ಪ್ರಶ್ನೆ: ವಿರೋಧ ಪಕ್ಷದ ಒಬ್ಬ ಸದಸ್ಯ ಕಾನೂನನ್ನೇ ಮಾಡಿಸಬಹುದೇ?

ಉತ್ತರ: ಅದೃಷ್ಟ ಚೀಟಿಯಲ್ಲಿ ಹೆಸರು ಬಂದರೆ. ಇದು ತಮಾಷೆಯಲ್ಲ. ಖಾಸಗಿ ಮಸೂದೆಗಳ ಸರದಿ ನಿರ್ಧಾರವಾಗುವುದೇ ಲಾಟರಿ ಎತ್ತಿ. ಸರದಿ ಬಂದರೆ ಎರಡನೇ ವಾಚನಕ್ಕೆ ಎರಡು ಗಂಟೆ ಚರ್ಚೆ. ಹೊಸ ಖರ್ಚು ಬೇಡುವ ಮಸೂದೆಗೆ ಸಚಿವರ ಮೂಲಕ ಬರುವ ರಾಯಲ್ ರೆಕಮಂಡೇಷನ್ (ಖರ್ಚಿಗೆ ರಾಜಪ್ರತಿನಿಧಿಯ ಶಿಫಾರಸು) ಇಲ್ಲದಿದ್ದರೆ ಮೂರನೇ ವಾಚನದ ಮತಕ್ಕೇ ಹಾಕುವುದಿಲ್ಲ. ಅದಕ್ಕೇ ಇಂಥವರ ವಸತಿ ಮಸೂದೆಗಳು ‘ಮನೆ ಕಟ್ಟಿಸಿ’ ಎನ್ನದೆ ‘ಕಾರ್ಯಯೋಜನೆ ರೂಪಿಸಿ’ ಎನ್ನುತ್ತವೆ. ಓದುವವರಿಗೆ ಸಪ್ಪೆ, ಬರೆದವರಿಗೆ ಬೇರೆ ದಾರಿಯಿಲ್ಲ.

ಕ್ರೀ ಸಮುದಾಯದ ಎನ್‌ಡಿಪಿ ಸಂಸದ ರೋಮಿಯೊ ಸಗನಾಶ್ ವಿಶ್ವಸಂಸ್ಥೆಯ ಮೂಲನಿವಾಸಿ ಹಕ್ಕುಗಳ ಘೋಷಣೆಗೆ ಕೆನಡಾದ ಕಾನೂನುಗಳು ಹೊಂದಬೇಕೆಂಬ ಸಿ-262 ಮಸೂದೆ ತಂದರು. 2018ರ ಮೇ 30ರಂದು ಕೆಳಮನೆ ದಾಟಿತು. ಸೆನೆಟ್‌ನಲ್ಲಿ ಎಳೆದಾಡಿ ಎಳೆದಾಡಿ 2019ರಲ್ಲಿ ಅವಧಿ ಮುಗಿದು ಸತ್ತಿತು. ಅದರ ಸಾರವನ್ನೇ ಸರ್ಕಾರ ಸಿ-15 ಎಂದು ತಂದು 2021ರ ಜೂನ್ 21ರಂದು ಕಾನೂನು ಮಾಡಿತು. ಆಗ ಸಗನಾಶ್ ಸದನದಲ್ಲೇ ಇರಲಿಲ್ಲ.

ಪ್ರಶ್ನೆ: 2025ರ ಚುನಾವಣೆ ಬಳಿಕ ಎನ್‌ಡಿಪಿಯವರ ದನಿ ಕಡಿಮೆ ಕೇಳಿಸುತ್ತಿದೆ. ಏಕೆ?

ಉತ್ತರ: 343 ಸ್ಥಾನಗಳಲ್ಲಿ ಎನ್‌ಡಿಪಿ ಗೆದ್ದದ್ದು 7. ಅಧಿಕೃತ ಪಕ್ಷದ ಮಾನ್ಯತೆಗೆ 12 ಬೇಕು. ಅದಿಲ್ಲದಿದ್ದರೆ ಪ್ರಶ್ನೋತ್ತರದಲ್ಲಿ ಖಚಿತ ಪಾಲಿಲ್ಲ, ಸಮಿತಿಗಳಲ್ಲಿ ಮತ ಹಾಕುವ ಕುರ್ಚಿಯಿಲ್ಲ, ಸಂಶೋಧನೆಗೆ ಪಕ್ಷಕ್ಕೆ ಸಿಗುವ ಹಣವಿಲ್ಲ. ಸಮಿತಿ ತಪ್ಪಿದ್ದೇ ದೊಡ್ಡ ಪೆಟ್ಟು.

ಪ್ರಶ್ನೆ: ನನ್ನ ಮಗಳು ಅಲ್ಲಿ ಕಾಯಂ ನಿವಾಸಿ, ಪೌರತ್ವ ಇನ್ನೂ ಇಲ್ಲ. ಇಂಥ ವಿಷಯದಲ್ಲಿ ಸಂಸತ್ತಿಗೆ ಅರ್ಜಿ ಹಾಕಬಹುದೇ?

ಉತ್ತರ: ಹಾಕಬಹುದು, ಕೆನಡಾದಲ್ಲಿ ವಾಸವಿದ್ದರೆ ಸಾಕು. ಆನ್‌ಲೈನ್ ಅರ್ಜಿಯಾದರೆ 250 ಪದದೊಳಗೆ ಬರೆದು, ಮೊದಲು ಐವರು ಬೆಂಬಲಿಗರನ್ನು ಹೊಂದಿಸಿಕೊಳ್ಳಲಿ. ಆಮೇಲೆ ಒಬ್ಬ ಸಂಸದರು ಒಪ್ಪಬೇಕು. ಪ್ರಕಟವಾದ ಮೇಲೆ 30, 60, 90 ಅಥವಾ 120 ದಿನ ತೆರೆದಿರುತ್ತದೆ, ಅಷ್ಟರೊಳಗೆ 500 ಸಹಿ ಬೇಕು. ಕಾಗದದ ಅರ್ಜಿಗೆ 25 ಸಹಿ ಸಾಕು, ಅವಸರವಿದ್ದರೆ ಅದೇ ಮೇಲು. ಸದನದಲ್ಲಿ ಮಂಡನೆಯಾದ ಮೇಲೆ 45 ದಿನದೊಳಗೆ ಸರ್ಕಾರ ಉತ್ತರಿಸಬೇಕು.

ತಪ್ಪುವುದು ಎರಡು ಕಡೆ. ಸಹಿ ಹಾಕಿದವರು ಇ-ಮೇಲ್‌ಗೆ ಬರುವ ಕೊಂಡಿಯನ್ನು ಒತ್ತಿ ದೃಢಪಡಿಸದಿದ್ದರೆ ಅದು ಲೆಕ್ಕಕ್ಕಿಲ್ಲ. ಎರಡನೆಯದು, ಬಾಡಿಗೆ ನಿಯಂತ್ರಣದಂಥದ್ದು ಪ್ರಾಂತ್ಯದ ಕೈಲಿರುವ ವಿಷಯ, ರಾಜಧಾನಿ ಒಟ್ಟಾವಾಕ್ಕೆ ಬರೆದು ಫಲವಿಲ್ಲ. ರಿಸರ್ವ್‌ಗಳ ವಸತಿ, ವಿದೇಶಾಂಗ ನೀತಿ, ಶಸ್ತ್ರಾಸ್ತ್ರ ರಫ್ತಿನ ಪರವಾನಗಿ ಇವು ಫೆಡರಲ್ ವಿಷಯಗಳು.

ಪ್ರಶ್ನೆ: ಮೂಲನಿವಾಸಿ ಸಂಸದರು ತಮ್ಮ ಭಾಷೆಯಲ್ಲೇ ಮಾತಾಡಬಹುದೇ?

ಉತ್ತರ: ಈಗ ಮಾತಾಡಬಹುದು. 2017ರಲ್ಲಿ ಲಿಬರಲ್ ಸಂಸದ ರಾಬರ್ಟ್-ಫಾಲ್ಕನ್ ವೆಲೆಟ್ ಕ್ರೀ ಭಾಷೆಯಲ್ಲಿ ಮಾತಾಡಿದಾಗ ಅನುವಾದಕರೇ ಇರಲಿಲ್ಲ, ಸದನಕ್ಕೆ ಒಂದಕ್ಷರ ಅರ್ಥವಾಗಲಿಲ್ಲ. ಅವರು ಆಕ್ಷೇಪ ಎತ್ತಿ ಬೆನ್ನುಬಿದ್ದ ಮೇಲೆ 2018ರಲ್ಲಿ ನಿಯಮ ಬದಲಾಯಿತು. ಮುಂಚಿತವಾಗಿ ತಿಳಿಸಿದರೆ ಅನುವಾದಕರನ್ನು ಕರೆಸುತ್ತಾರೆ. 2019ರ ಜನವರಿಯಲ್ಲಿ ಅವರು ಮತ್ತೆ ಕ್ರೀಯಲ್ಲಿ ಮಾತಾಡಿದರು, ಎಲ್ಲರೂ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಕೇಳಿದರು.